ಓದುಗರ ಪ್ರಶ್ನೆಗೆ ಉತ್ತರ: ಫಲಿತಾಂಶ ಬಂದ ಮೇಲೆ ಸಭೆಯ ಕರ್ತವ್ಯವೇನು?

ಪ್ರಶ್ನೆ: 2024ರ ಜೂನ್ 4ರಂದು ಲೋಕಸಭಾ ಚುನಾವಣೆಯ ಫಲಿತಾಂಶ ಬಂತು. ಅದರ ನಂತರದ ಭಾನುವಾರ ನಮ್ಮ ಕ್ರೈಸ್ತ ಸಭೆಯಲ್ಲಿ ನಡೆದದ್ದು ನನ್ನ ಮನಸ್ಸನ್ನು ಇಂದಿಗೂ ಕೊರೆಯುತ್ತಿದೆ. ಬೀದರ್ ಕ್ಷೇತ್ರದಲ್ಲಿ ತಮ್ಮ ಪಕ್ಷ ಗೆದ್ದಿತೆಂದು ಕೆಲವರು ಆರಾಧನೆ ಮುಗಿಯುತ್ತಿದ್ದಂತೆ ಚರ್ಚಿನ ಬಾಗಿಲಲ್ಲೇ ಪೇಡೆ ಹಂಚಿದರು. ಸಾಕ್ಷಿ ಹೇಳುವ ವೇಳೆಯಲ್ಲಿ ಒಬ್ಬ ಹಿರಿಯರು ದೇವರು ನಮ್ಮ ಉಪವಾಸ ಪ್ರಾರ್ಥನೆಗೆ ಉತ್ತರ ಕೊಟ್ಟನು ಎಂದರು. ಅದೇ ವೇಳೆಯಲ್ಲಿ ಒಬ್ಬ ತಾಯಿ, ದೆಹಲಿಯಲ್ಲಿ ಮತ್ತೆ ಅದೇ ಸರ್ಕಾರ ಬಂತಲ್ಲ, ದೇವರು ನಮ್ಮ ಕೈಬಿಟ್ಟನೇನೋ ಎಂದು ಅತ್ತರು. ಪಾಸ್ಟರು ಪ್ರಧಾನಮಂತ್ರಿಗಳ ಹೆಸರು ಹೇಳಿ ಪ್ರಾರ್ಥಿಸಿದಾಗ ಇಬ್ಬರು ಯುವಕರು ಎದ್ದು ಹೊರಗೆ ಹೋದರು. ಇವರಲ್ಲಿ ಯಾರು ಸರಿ? ವಿಶ್ವಾಸಿಯಾದವನು ಇಂಥ ಫಲಿತಾಂಶವನ್ನು ಹೇಗೆ ಸ್ವೀಕರಿಸಬೇಕು?
(ಭಾಲ್ಕಿ ತಾಲ್ಲೂಕಿನ ಓದುಗರು)

ಉತ್ತರ: ನೀವು ಬರೆದಿರುವ ಭಾನುವಾರ ಜೂನ್ 9, ಆ ದಿನ ಸಂಜೆಯೇ ದೆಹಲಿಯಲ್ಲಿ ಪ್ರಧಾನಮಂತ್ರಿಗಳು ಮೂರನೆಯ ಅವಧಿಗೆ ಪ್ರಮಾಣವಚನ ಸ್ವೀಕರಿಸಿದರು. ಆದ್ದರಿಂದ ನಿಮ್ಮ ಪಾಸ್ಟರು ಬೆಳಗಿನ ಆರಾಧನೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸಿದ್ದು ಸಮಯಕ್ಕೆ ತಕ್ಕದ್ದಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದ ಮಾತಿಗೆ ಬರುವ ಮುನ್ನ ಫಲಿತಾಂಶವನ್ನೇ ಒಮ್ಮೆ ಸಮಾಧಾನವಾಗಿ ನೋಡೋಣ. 543 ಸ್ಥಾನಗಳ ಲೋಕಸಭೆಯಲ್ಲಿ ಬಹುಮತಕ್ಕೆ 272 ಬೇಕು. ಬಿಜೆಪಿಗೆ 240 ಬಂದವು, ಅದರ ಮೈತ್ರಿಕೂಟಕ್ಕೆ ಒಟ್ಟು 293, ಕಾಂಗ್ರೆಸ್ಸಿಗೆ 99. ಕರ್ನಾಟಕದ 28 ಸ್ಥಾನಗಳಲ್ಲಿ ಬಿಜೆಪಿಗೆ 17, ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9. ಆದರೆ ನಮ್ಮ ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಕಾಂಗ್ರೆಸ್ಸಿನ ಪಾಲಾದವು. ಯಾದಗಿರಿ ಜಿಲ್ಲೆಯವರೂ ಇದರಿಂದ ಹೊರಗಿಲ್ಲ, ಏಕೆಂದರೆ ಅಲ್ಲಿನ ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೆ ಸೇರಿದ್ದರೆ ಯಾದಗಿರಿ, ಶಹಾಪುರ, ಸುರಪುರ ಮೂರೂ ರಾಯಚೂರು ಕ್ಷೇತ್ರಕ್ಕೆ ಸೇರಿವೆ. ಅಂದರೆ ನಮ್ಮ ಭಾಗದಲ್ಲಿ ಯಾರು ಯಾರಿಗೇ ಮತ ಹಾಕಿರಲಿ, ಪೂರಾ ಗೆದ್ದವರೂ ಇಲ್ಲ, ಪೂರಾ ಸೋತವರೂ ಇಲ್ಲ. ಪೇಡೆ ಹಂಚಿದವರು ತಾವು ಮತ ಹಾಕದ ಪ್ರಧಾನಮಂತ್ರಿಗಾಗಿ ಪ್ರಾರ್ಥಿಸಬೇಕು; ಪೇಡೆ ಮುಟ್ಟದೆ ಮನೆಗೆ ಹೋದವರು ತಾವು ಮತ ಹಾಕದ ಸಂಸದರಿಗಾಗಿ ಪ್ರಾರ್ಥಿಸಬೇಕು. ಇಡೀ ದೇಶದಲ್ಲಿ ಇಂಥ ಅನುಕೂಲ ಎಲ್ಲ ಸಭೆಗಳಿಗೂ ಸಿಕ್ಕಿಲ್ಲ. ಇದನ್ನು ನಾನು ಅನುಕೂಲವೆಂದೇ ತಿಳಿಯುತ್ತೇನೆ.

ಆ ಹಿರಿಯರೂ ಆ ತಾಯಿಯೂ ಎದುರುಬದುರಾಗಿ ಮಾತಾಡಿದಂತೆ ಕಂಡರೂ ಇಬ್ಬರದ್ದೂ ಒಂದೇ ನಂಬಿಕೆ: ಮತ ಎಣಿಕೆಯೇ ನಮ್ಮ ಬಗ್ಗೆ ದೇವರು ಕೊಟ್ಟ ತೀರ್ಪು ಎಂದು. ಈ ನಂಬಿಕೆ ನಿಲ್ಲುವುದಿಲ್ಲ. 2019ರಲ್ಲಿ ಇದೇ ಐದು ಕ್ಷೇತ್ರಗಳನ್ನೂ ಬಿಜೆಪಿ ಗೆದ್ದಿತ್ತು. ಆಗ ಉಪವಾಸ ಮಾಡಿದವರ ಪ್ರಾರ್ಥನೆಯನ್ನು ದೇವರು ಕೇಳಲಿಲ್ಲವೇ? 1977ರಲ್ಲಿ ತುರ್ತುಪರಿಸ್ಥಿತಿಯ ನಂತರ ಉತ್ತರ ಭಾರತವು ಇಂದಿರಾ ಗಾಂಧಿಯವರ ಪಕ್ಷವನ್ನು ಕಿತ್ತೊಗೆದಾಗ ಕರ್ನಾಟಕವು ಅದೇ ಪಕ್ಷಕ್ಕೆ 28ರಲ್ಲಿ 26 ಸ್ಥಾನ ಕೊಟ್ಟಿತು. ಉತ್ತರದವರಿಗೆ ದೇವರು ಒಂದು ಮಾತು, ನಮಗೆ ಇನ್ನೊಂದು ಮಾತು ಹೇಳಿದನೆಂದು ನಾವು ಬೋಧಿಸಲಾದೀತೇ? ಅರಸರನ್ನು ಸ್ಥಾಪಿಸುವವನೂ ತಳ್ಳುವವನೂ ದೇವರೇ ಎಂದು ಬೈಬಲಿನಲ್ಲಿ ಪ್ರವಾದಿ ದಾನಿಯೇಲನು ಹೇಳಿದ್ದು ನಿಜ, ಆದರೆ ಅವನು ಅದನ್ನು ಹೇಳಿದ್ದು ತನ್ನ ಜನರನ್ನು ಸೆರೆಯೊಯ್ದ ಅರಸನ ಅರಮನೆಯಲ್ಲಿ ಸೆರೆಯಾಳಾಗಿದ್ದುಕೊಂಡು. ಇಸ್ರಾಯೇಲ್ಯರು ಅರಸರನ್ನು ಮಾಡಿಕೊಂಡರು, ಆದರೆ ನನ್ನಿಂದಲ್ಲ ಎಂದು ಹೋಶೇಯನ ಮೂಲಕ ನುಡಿದವನೂ ಅದೇ ದೇವರು. ಅಧಿಕಾರವು ದೇವರ ಕೈಮೀರಿ ಹೋಗುವುದಿಲ್ಲ. ಹಾಗೆಂದು ಅಧಿಕಾರಕ್ಕೆ ಬಂದವರೆಲ್ಲರನ್ನೂ, ಅವರು ಮಾಡುವುದೆಲ್ಲವನ್ನೂ ದೇವರು ಮೆಚ್ಚಿದ್ದಾನೆ ಎಂದಾಗುವುದಿಲ್ಲ. ಆ ತಾಯಿಗೆ ಇದನ್ನು ಯಾರಾದರೂ ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು ಹೇಳಬೇಕು. ಪೀಠದಿಂದ ಹೇಳಿದರೆ ಗದರಿಸಿದಂತಾಗುತ್ತದೆ.

ಚುನಾವಣೆಯ ನಂತರ ರೋಮಾಪುರದವರಿಗೆ ಬರೆದ ಪತ್ರಿಕೆಯ, ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುವ 13ನೆಯ ಅಧ್ಯಾಯವನ್ನು ಓದುವುದು ನಮ್ಮ ಸಭೆಗಳಲ್ಲಿ ರೂಢಿ. ಓದಬೇಕಾದದ್ದೇ. ಆದರೆ ಸಮುವೇಲನ ಮೊದಲನೆಯ ಗ್ರಂಥದ 8ನೆಯ ಅಧ್ಯಾಯದಿಂದ 16ನೆಯದರವರೆಗೆ ಒಂದೇ ಸಲಕ್ಕೆ ಕುಳಿತು ಓದಿರಿ ಎಂದು ನಾನು ಕೇಳಿಕೊಳ್ಳುತ್ತೇನೆ, ಏಕೆಂದರೆ ಜನರು ಆರಿಸಿಕೊಂಡದ್ದನ್ನು ಒಪ್ಪದ ದೇವಭಕ್ತನೊಬ್ಬನು ಮುಂದೆ ಹೇಗೆ ನಡೆದುಕೊಂಡನು ಎಂಬುದು ಅಲ್ಲಿರುವಷ್ಟು ವಿವರವಾಗಿ ಬೇರೆಲ್ಲೂ ಇಲ್ಲ. ಹಿರಿಯರೆಲ್ಲ ರಾಮಕ್ಕೆ ಬಂದು ನಮಗೊಬ್ಬ ಅರಸನನ್ನು ನೇಮಿಸು ಎಂದಾಗ ಸಮುವೇಲನು ಒಪ್ಪಲಿಲ್ಲ. ಒಪ್ಪದೆ ಸುಮ್ಮನಿರಲೂ ಇಲ್ಲ. ನಿಮ್ಮ ಗಂಡುಮಕ್ಕಳನ್ನು ರಥಗಳ ಮುಂದೆ ಓಡಿಸುತ್ತಾನೆ, ಹೆಣ್ಣುಮಕ್ಕಳನ್ನು ಅಡುಗೆಗೆ ಹಚ್ಚುತ್ತಾನೆ, ಒಳ್ಳೆಯ ಹೊಲ ತೋಟಗಳನ್ನು ಕಿತ್ತುಕೊಂಡು ತನ್ನ ಸೇವಕರಿಗೆ ಕೊಡುತ್ತಾನೆ ಎಂದು ಒಂದೊಂದನ್ನೇ ಬಿಡಿಸಿ ಎಚ್ಚರಿಸಿದನು. ಜನ ಕೇಳಲಿಲ್ಲ. ಅವರ ಮಾತಿನಂತೆ ಮಾಡು ಎಂದು ದೇವರೇ ಹೇಳಿದಾಗ ಸಮುವೇಲನು ತನ್ನ ಕೈಯಿಂದಲೇ ಸೌಲನಿಗೆ ಎಣ್ಣೆ ಹೊಯ್ದು ಅಭಿಷೇಕಿಸಿದನು. ಮುಂದೆ 12ನೆಯ ಅಧ್ಯಾಯದಲ್ಲಿ, ಯಾರು ಅವನ ಮಾತನ್ನು ತಳ್ಳಿಹಾಕಿದ್ದರೋ ಅದೇ ಜನರಿಗೆ ಅವನು, ನಿಮಗೋಸ್ಕರ ಪ್ರಾರ್ಥಿಸುವುದನ್ನು ಬಿಟ್ಟು ಯೆಹೋವನಿಗೆ ಪಾಪಮಾಡುವುದು ನನಗೆ ದೂರವಾಗಿರಲಿ ಎನ್ನುತ್ತಾನೆ. ಪ್ರಾರ್ಥಿಸದಿರುವುದನ್ನು ಅವನು ಪಾಪವೆಂದೇ ಕರೆದನು, ಅದೂ ಜನರ ವಿರುದ್ಧವಾದ ಪಾಪವಲ್ಲ, ದೇವರ ವಿರುದ್ಧವಾದ ಪಾಪ. ಅದೇ ಸಮುವೇಲನು ಸೌಲನು ಆಜ್ಞೆ ಮೀರಿದ ಸುದ್ದಿ ತಿಳಿದಾಗ ರಾತ್ರಿಯೆಲ್ಲಾ ದೇವರಿಗೆ ಮೊರೆಯಿಟ್ಟು, ಬೆಳಿಗ್ಗೆ ಎದ್ದು ಹೋಗಿ ಅರಸನ ಮುಖಕ್ಕೆ ಮುಖ ಕೊಟ್ಟು ಖಂಡಿಸಿದನು. ರಾತ್ರಿಯ ಮೊರೆಯೂ ಬೆಳಗಿನ ಖಂಡನೆಯೂ ಒಬ್ಬನೇ ಮನುಷ್ಯನಿಂದ ಬಂದವು. ನಮ್ಮಲ್ಲಿ ಕೆಲವರು ಮೊರೆಯನ್ನು ಮಾತ್ರ, ಕೆಲವರು ಖಂಡನೆಯನ್ನು ಮಾತ್ರ ಹಂಚಿಕೊಂಡಿದ್ದೇವೆ. ಸಭೆ ದುರ್ಬಲವಾಗುವುದು ಅಲ್ಲಿಯೇ.

ಇದೇ ಭಾಗದಲ್ಲಿ ಗೆದ್ದವರಿಗೂ ಒಂದು ಮಾತಿದೆ. ಇವನು ನಮ್ಮನ್ನು ಹೇಗೆ ರಕ್ಷಿಸಿಯಾನು ಎಂದು ಸೌಲನನ್ನು ಹೀಯಾಳಿಸಿದವರಿದ್ದರು. ಸೌಲನು ಮೊದಲ ಯುದ್ಧ ಗೆದ್ದ ಮೇಲೆ ಅವನ ಬೆಂಬಲಿಗರು ಅವರನ್ನು ಹಿಡಿದು ತನ್ನಿರಿ, ಕೊಲ್ಲುತ್ತೇವೆ ಎಂದು ಕೂಗಿದರು. ಈ ದಿನ ಯಾರನ್ನೂ ಕೊಲ್ಲಬಾರದು ಎಂದು ಸೌಲನೇ ತಡೆದನು. ಚರ್ಚಿನ ಬಾಗಿಲಲ್ಲಿ ಪೇಡೆ ಹಂಚಿದ್ದು ಅಷ್ಟು ದೊಡ್ಡ ಅಪರಾಧವಲ್ಲ, ಆದರೂ ಅದು ತಪ್ಪು. ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳುವವರ ಮಧ್ಯೆ, ಅದೇ ಬಾಗಿಲಲ್ಲಿ, ಯಾರ ಕೈ ಪೇಡೆಗೆ ಬಂತು, ಯಾರ ಕೈ ಬರಲಿಲ್ಲ ಎಂದು ಲೆಕ್ಕ ಹಾಕುವ ಸಂದರ್ಭವನ್ನು ಅದು ತಂದೊಡ್ಡುತ್ತದೆ. ಸಂತೋಷಪಡುವವರು ತಮ್ಮ ಮನೆಯಲ್ಲಿ ಸಂತೋಷಪಡಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಎದ್ದು ಹೋದ ಇಬ್ಬರು ಯುವಕರ ಮೇಲೆ ಯಾವ ಶಿಸ್ತುಕ್ರಮವೂ ಬೇಡ. ಅವರನ್ನು ಕೂಡಿಸಿಕೊಂಡು ಏಕೆ ಎದ್ದಿರಿ ಎಂದು ಕೇಳಿರಿ. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರದ ವಿಷಯವಾಗಿ ಕಾಯ್ದೆ ಬಂದ ದಿನಗಳಲ್ಲಿ, ಮನೆಯಲ್ಲಿ ನಾಲ್ಕು ಜನ ಕೂಡಿ ಹಾಡುವುದಕ್ಕೂ ಹೆದರಿದ ಕುಟುಂಬಗಳಿವೆ. ಅಂಥ ಭಯ ಕಂಡವರಿಗೆ ಅಧಿಕಾರಿಗಳಿಗಾಗಿ ಮಾಡುವ ಪ್ರಾರ್ಥನೆ ಹೊಗಳಿಕೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಪ್ರಾರ್ಥನೆಯ ಮಾತುಗಳಲ್ಲೇ ಎಚ್ಚರವಿರಬೇಕು. ‘ಕರ್ತನೇ, ನಮ್ಮ ಮಹಾನ್ ನಾಯಕರನ್ನು ಆಶೀರ್ವದಿಸು’ ಎಂದು ಮುಗಿಸುವ ಬದಲು, ಪ್ರಧಾನಮಂತ್ರಿ, ಮುಖ್ಯಮಂತ್ರಿ, ಸಂಸದ, ಶಾಸಕ, ಜಿಲ್ಲಾಧಿಕಾರಿ, ನಮ್ಮ ಪಂಚಾಯಿತಿಯ ಪಿಡಿಒ ಎಂದು ಒಬ್ಬೊಬ್ಬರನ್ನೇ ಹೆಸರಿಸಿ, ‘ಕರ್ತನೇ, ಇವರಿಗೆ ಬಡವನ ನ್ಯಾಯವನ್ನು ಕೇಳುವ ಕಿವಿಯನ್ನು ಕೊಡು, ಲಂಚ ಮುಟ್ಟದಂತೆ ಇವರ ಕೈಯನ್ನು ಕಾಪಾಡು, ಇವರು ತಪ್ಪು ಆಜ್ಞೆ ಹೊರಡಿಸುವಾಗ ತಡೆಯುವವರನ್ನು ಇವರ ಪಕ್ಕದಲ್ಲಿ ಇರಿಸು, ಅನ್ಯಾಯಕ್ಕೆ ಒಳಗಾದ ನಮ್ಮವರನ್ನೂ ನೆರೆಯವರನ್ನೂ ಮರೆಯಬೇಡ’ ಎಂದು ಪ್ರಾರ್ಥಿಸಿರಿ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯವು ಅರಸುಗಳಿಗಾಗಿ ಪ್ರಾರ್ಥಿಸಬೇಕೆಂದು ಹೇಳುವುದು ಜನರು ಸಮಾಧಾನದಿಂದ, ದೇವಭಕ್ತಿಯಿಂದ ಬಾಳುವಂತಾಗಲಿ ಎಂಬ ಉದ್ದೇಶಕ್ಕೇ. ಇಂಥ ಪ್ರಾರ್ಥನೆಗೆ ಆ ಯುವಕರೂ ಆಮೆನ್ ಹೇಳಬಲ್ಲರು.

ಅಧೀನತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಅವರಿಗೆ ಯಾರಾದರೂ ಹೇಳಿದ್ದರೆ ಅದನ್ನೂ ತಿದ್ದಿರಿ. ಪೌಲನು ರೋಮಾಪುರದವರಿಗೆ ಬರೆದ ಕಾಲದಲ್ಲಿ ಸಿಂಹಾಸನದ ಮೇಲೆ ಇದ್ದವನು ನೀರೋ. ಅದೇ ಪೌಲನು ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿಕೊಂಡ ಮೇಲೆ, ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ, ನಾವು ರೋಮಾಪುರದ ಹಕ್ಕುಳ್ಳವರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದನು. ಮುಂದೆ ರೋಮಿನ ಅಧಿಪತಿ ಫೆಸ್ತನ ನ್ಯಾಯಾಸನದ ಮುಂದೆ ಕೈಸರನಿಗೇ ಹೇಳಿಕೊಳ್ಳುತ್ತೇನೆ ಎಂದನಲ್ಲ, ಆ ಕೈಸರನೂ ನೀರೋ ಆಗಿದ್ದನು. ಗೌರವಿಸು ಎಂದು ಯಾವ ಅರಸನ ಬಗ್ಗೆ ಬರೆದನೋ ಅದೇ ಅರಸನ ಬಳಿ ತನ್ನ ಹಕ್ಕನ್ನು ಕೇಳಿದನು. ಸಂವಿಧಾನದ 25ನೆಯ ಅನುಚ್ಛೇದವು ಕೊಟ್ಟಿರುವ ಧಾರ್ಮಿಕ ಸ್ವಾತಂತ್ರ್ಯವನ್ನು ನ್ಯಾಯಾಲಯದಲ್ಲಿ, ಠಾಣೆಯಲ್ಲಿ, ತಹಶೀಲ್ದಾರರ ಮುಂದೆ ಶಾಂತವಾಗಿ ಕೇಳುವ ವಿಶ್ವಾಸಿಯು ಯಾವ ವಾಕ್ಯವನ್ನೂ ಮೀರುತ್ತಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಕಷ್ಟವೆನಿಸುವ ಮಾತು. ನಾವು ಮತ ಹಾಕದವರನ್ನು ಪ್ರಶ್ನಿಸುವುದು ಸುಲಭ. ನಾವು ಮತ ಹಾಕಿ ಗೆಲ್ಲಿಸಿದವರನ್ನು ಪ್ರಶ್ನಿಸುವುದು ಕಷ್ಟ. ಪ್ರವಾದಿ ನಾತಾನನು ಅರಸ ದಾವೀದನ ವೈರಿಯಾಗಿರಲಿಲ್ಲ, ಅವನ ಹಿತೈಷಿಯಾಗಿದ್ದುಕೊಂಡೇ ಅವನ ಪಾಪವನ್ನು ಎತ್ತಿ ತೋರಿಸಿ ನೀನೇ ಆ ಮನುಷ್ಯನು ಎಂದನು. ನಮ್ಮ ಭಾಗದ ಸಭೆಗಳಲ್ಲಿ ಹೆಚ್ಚಿನವರು ಯಾವ ಕೇರಿಗಳಿಂದ ಬಂದವರೆಂಬುದು ನಮಗೆಲ್ಲ ಗೊತ್ತಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ಧರ್ಮದ ಈ ನಿರ್ಬಂಧವನ್ನು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗವು 2007ರಲ್ಲಿ ವರದಿ ಕೊಟ್ಟಿತು, 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ರಚನೆಯಾಯಿತು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಹೀಗಾಗಿ ಒಂದೇ ಮನೆಯಲ್ಲಿ, ಒಂದೇ ತಂದೆಯ ಮಕ್ಕಳಲ್ಲಿ, ಒಬ್ಬನ ಪ್ರಮಾಣಪತ್ರದಲ್ಲಿ ಹಳೆಯ ಜಾತಿಯ ಹೆಸರು, ಇನ್ನೊಬ್ಬನದರಲ್ಲಿ ಪ್ರವರ್ಗ 1 ಎಂದಿರುತ್ತದೆ. ಭಾನುವಾರ ಇಬ್ಬರೂ ಅಕ್ಕಪಕ್ಕ ಕುಳಿತಿದ್ದರೂ ಸೋಮವಾರ ತಾಲ್ಲೂಕು ಕಚೇರಿಯಲ್ಲಿ ಒಬ್ಬನು ತನ್ನ ದೀಕ್ಷಾಸ್ನಾನದ ಮಾತನ್ನೇ ಎತ್ತದೆ ನಿಲ್ಲುತ್ತಾನೆ. ಅವನನ್ನು ದೂರುವ ಅಧಿಕಾರ ನನಗಿಲ್ಲ. ಮಗಳ ಕಾಲೇಜು ಸೀಟು ಆ ಕಾಗದದ ಮೇಲೆ ನಿಂತಿರುತ್ತದೆ. 1950ರಿಂದ ಈಚೆಗೆ ದೆಹಲಿಯಲ್ಲಿ ಕಾಂಗ್ರೆಸ್, ಜನತಾ, ಬಿಜೆಪಿ ಎಲ್ಲರ ಸರ್ಕಾರಗಳೂ ಬಂದುಹೋಗಿವೆ, ಆ ಪ್ಯಾರಾ ನಮ್ಮ ಪಾಲಿಗೆ ಬದಲಾಗಿಲ್ಲ. ಪೇಡೆ ಹಂಚಿದ ಸಹೋದರರು ಆ ಸಂತೋಷದ ಹಕ್ಕಿನಿಂದಲೇ ನಮ್ಮ ಹೊಸ ಸಂಸದರ ಬಳಿ ಹೋಗಿ, ಈ ವಿಷಯವನ್ನು ಸದನದಲ್ಲಿ ಯಾವಾಗ ಎತ್ತುತ್ತೀರಿ ಎಂದು ಲಿಖಿತವಾಗಿ ಕೇಳಬೇಕು.

ಕೇಳುವುದು ನಮ್ಮದನ್ನು ಮಾತ್ರ ಆಗಬಾರದು. ಚರ್ಚಿನ ಕಾಂಪೌಂಡ್ ಗೋಡೆಗಾಗಿ ಸಂಸದರ ನಿಧಿ ಕೇಳುವವರಿದ್ದಾರೆ. ಪ್ರಾರ್ಥನಾ ಸ್ಥಳಗಳ ಕೆಲಸಕ್ಕೆ ಆ ನಿಧಿಯನ್ನು ಬಳಸಲು ನಿಯಮದಲ್ಲಿ ಅವಕಾಶವೇ ಇಲ್ಲ. ಸೆರೆಯಲ್ಲಿದ್ದವರಿಗೆ ಯೆರೆಮೀಯನು ಬರೆದದ್ದು ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂದು. ಉದ್ಯೋಗ ಖಾತ್ರಿಯ ಕೂಲಿ ತಿಂಗಳುಗಟ್ಟಲೆ ಬಾಕಿ ಉಳಿಯುವುದು, ತೊಗರಿಯ ದರ ಬೆಳೆ ಕೈಗೆ ಬಂದಾಗಲೇ ಬೀಳುವುದು, ಯಾದಗಿರಿಯ ಹಳ್ಳಿಗಳಿಂದ ಜನ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು, ಇವು ನಮ್ಮ ಸಭೆಯವರ ಪಾಡೂ ಹೌದು, ನೆರೆಯ ಲಿಂಗಾಯತ, ಮುಸಲ್ಮಾನ, ಲಂಬಾಣಿ ಮನೆಗಳ ಪಾಡೂ ಹೌದು. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಜಿಲ್ಲಾ ಮಟ್ಟದ ದಿಶಾ ಸಮಿತಿಗೆ ಸಂಸದರೇ ಅಧ್ಯಕ್ಷರು. ಆ ಸಭೆಗೆ ಮೊದಲು ಇಂಥ ಬೇಡಿಕೆಗಳನ್ನು ನೆರೆಹೊರೆಯವರ ಸಹಿಯೊಂದಿಗೆ ಸಂಸದರ ಕಚೇರಿಗೆ ಮುಟ್ಟಿಸಿರಿ.

ಪ್ರಶ್ನೆ: ಗೆದ್ದ ಸಂಸದರನ್ನು ಭಾನುವಾರದ ಆರಾಧನೆಗೆ ಕರೆದು ಪೀಠದ ಮುಂದೆ ಶಾಲು ಹೊದಿಸಿ ಸನ್ಮಾನಿಸಬೇಕೆಂದು ನಮ್ಮ ಕಮಿಟಿಯಲ್ಲಿ ಕೆಲವರ ಒತ್ತಾಯ. ಮಾಡಬಹುದೇ?
(ಕಲಬುರಗಿಯ ಓದುಗರು)

ಉತ್ತರ: ಆರಾಧನೆಗೆ ಯಾರು ಬಂದರೂ ಸ್ವಾಗತ, ಸಂಸದರಿಗೂ ಸ್ವಾಗತ. ಆದರೆ ಪೀಠದ ಮುಂದೆ ಸನ್ಮಾನ ಬೇಡ. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಆಸನ ಕೊಟ್ಟು, ಬಡವನಿಗೆ ಕಾಲುಮಣೆಯ ಬಳಿ ಕೂತುಕೋ ಎನ್ನುವ ಸಭೆಯನ್ನು ಯಾಕೋಬನು ಎರಡನೆಯ ಅಧ್ಯಾಯದಲ್ಲಿ ಖಂಡಿಸಿದ್ದಾನೆ. ಕಾನೂನಿನ ಮಾತನ್ನೂ ನೆನಪಿಡಿ: ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೆಯ ಕಲಮಿನಂತೆ ಭ್ರಷ್ಟ ಆಚರಣೆ, ಮತ್ತು ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ಕೇಳುವುದೂ ಅದರಲ್ಲಿ ಸೇರುತ್ತದೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿದೆ. ಪ್ರಾರ್ಥನಾ ಸ್ಥಳಗಳನ್ನು ರಾಜಕೀಯಕ್ಕೆ ಬಳಸುವುದನ್ನು ತಡೆಯಲು 1988ರ ಕಾಯ್ದೆಯೂ ಇದೆ. ಇಂದಿನ ಸನ್ಮಾನ ಮುಂದಿನ ಚುನಾವಣೆಯಲ್ಲಿ ಚರ್ಚಿನ ಮತ ಇಂಥವರ ಕಿಸೆಯಲ್ಲಿದೆ ಎಂಬ ಮಾತಿಗೆ ದಾರಿಯಾಗುತ್ತದೆ, ಮತ್ತು ಆ ಮಾತಿನ ಬೆಲೆ ತೆರುವವರು ಹಳ್ಳಿಯ ಸಣ್ಣ ಸಭೆಗಳು. ವಾರದ ದಿನ ಸಮುದಾಯ ಭವನದಲ್ಲಿ ಅವರನ್ನು ಭೇಟಿಯಾಗಿ ಮನವಿ ಕೊಡಿರಿ. ಸಾಧ್ಯವಾದರೆ ಸೋತ ಅಭ್ಯರ್ಥಿಯನ್ನೂ ಇಬ್ಬರು ಹಿರಿಯರು ಹೋಗಿ ಕಂಡು ಬರಲಿ. ನಿಮ್ಮ ಬೀದಿಯ ಎಷ್ಟೋ ಮನೆಗಳು ಅವರಿಗೆ ಮತ ಹಾಕಿವೆ.

ಪ್ರಶ್ನೆ: ನಮ್ಮ ಯುವಜನರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮತಯಂತ್ರದಲ್ಲಿ ಮೋಸವಾಗಿದೆ ಎಂಬ ವಿಡಿಯೊಗಳು, ನಾಯಕರನ್ನು ಶಪಿಸುವ ಮಾತುಗಳು ದಿನವೂ ಬರುತ್ತಿವೆ. ನನ್ನ ಹಿಂದೂ ಗೆಳತಿಯೂ ಆ ಗುಂಪಿನ ಹಾಡುಗಳಿಗಾಗಿ ಸೇರಿದ್ದವಳು, ಈಗ ಬೇಸರಪಟ್ಟು ಹೊರಗೆ ಹೋದಳು. ನಾನೂ ಬಿಟ್ಟುಬಿಡಲೇ?
(ಯಾದಗಿರಿಯ ಯುವತಿ)

ಉತ್ತರ: ಬಿಡಬೇಡಿ, ಒಳಗಿದ್ದು ಮಾತಾಡಿರಿ. ಕಲಬುರಗಿ, ರಾಯಚೂರಿನ ಫಲಿತಾಂಶವನ್ನು ನಂಬಿದವರು ಅದೇ ಯಂತ್ರಗಳಿಂದ ಬಂದ ಉಳಿದ ಫಲಿತಾಂಶವನ್ನು ಮಾತ್ರ ಮೋಸವೆನ್ನುವುದು ನ್ಯಾಯವಲ್ಲ ಎಂದು ಹೇಳಿರಿ. ಸಂಶಯವಿದ್ದವರಿಗೆ ದಾರಿಗಳಿವೆ: 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ಹಳೆಯ ಮತಪತ್ರಕ್ಕೆ ಮರಳುವ ಬೇಡಿಕೆಯನ್ನು ತಳ್ಳಿಹಾಕಿದರೂ, ಎರಡನೆಯ ಮತ್ತು ಮೂರನೆಯ ಸ್ಥಾನದಲ್ಲಿರುವ ಅಭ್ಯರ್ಥಿಗಳು ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಪರಿಶೀಲನೆಯನ್ನು ಕೇಳಬಹುದೆಂದಿತು. ಫಲಿತಾಂಶದ ನಂತರ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಲು ಅಭ್ಯರ್ಥಿಗೂ ಮತದಾರನಿಗೂ ಹಕ್ಕಿದೆ. ಪುರಾವೆ ಇದ್ದವರು ಅಲ್ಲಿಗೆ ಹೋಗಲಿ. ಪುರಾವೆ ಇಲ್ಲದ ವಿಡಿಯೊವನ್ನು ಮುಂದಕ್ಕೆ ಕಳಿಸುವುದು ಸುಳ್ಳು ಸುದ್ದಿಯನ್ನು ಹಬ್ಬಿಸಬಾರದೆಂಬ ವಿಮೋಚನಕಾಂಡದ ಆಜ್ಞೆಗೆ ವಿರುದ್ಧ, ಕಳಿಸಿದವರು ಯಾವ ಪಕ್ಷದವರಾದರೂ ಸರಿ. ಜನಾಧಿಪತಿಯನ್ನು ಶಪಿಸಬಾರದೆಂಬ ಮಾತೂ ಅದೇ ಗ್ರಂಥದ್ದು. ತನ್ನನ್ನು ಹೊಡೆಸಿದ ಮಹಾಯಾಜಕನ ಮುಂದೆಯೂ ಪೌಲನು ಅದನ್ನು ನೆನಪಿಸಿಕೊಂಡು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡನು.

ಗೆಳತಿಯ ಮನೆಗೆ ನೀವೇ ಹೋಗಿರಿ. ಗುಂಪಿನಲ್ಲಿ ಬಂದ ಮಾತುಗಳಿಗಾಗಿ ಕ್ಷಮೆ ಕೇಳಿ, ಹಾಡಿಗೆ ಮತ್ತೆ ಕರೆಯಿರಿ. ಗುಂಪಿನ ನಡೆಸುವವರಿಗೆ ಒಂದು ಕೆಲಸ ಒಪ್ಪಿಸಿರಿ: ಮೇ 7ರಂದು ಹೆಸರು ಪಟ್ಟಿಯಲ್ಲಿಲ್ಲದೆ ಮತಗಟ್ಟೆಯಿಂದ ಹಿಂದಿರುಗಿದವರು ಸಭೆಯಲ್ಲಿ ಯಾರಿದ್ದಾರೆಂದು ಕೇಳಿ ಬರೆದುಕೊಳ್ಳಲಿ. ಹೆಸರು ಸೇರಿಸಲು ನಮೂನೆ 6, ವಿಳಾಸ ಬದಲಾಯಿಸಲು ನಮೂನೆ 8. ಹೊಸದಾಗಿ 18 ತುಂಬುವವರಿಗೆ ಈಗ ಜನವರಿ 1 ಮಾತ್ರವಲ್ಲದೆ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳಾಗಿವೆ. ಮುಂದೆ ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಚುನಾವಣೆಗಳು ಬರಲಿವೆ. ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬಂದಾಗ ಅವರ ನಮೂನೆಗಳನ್ನೂ ಭರ್ತಿ ಮಾಡಿಸಿರಿ.